ಅವ್ವ ತೋರಿಸಿದ ತೂತು

ಹೋದ ವರ್ಷ ಶಿವರಾತ್ರಿ ಕಳೆದ ಮಾರನೆಯ ವಾರ. ಕುಶಾಲನಗರದ ಹತ್ತಿರ ನಾನು ಕೆಲಸ ಮಾಡುವ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಕ್ಯಾಮೆರಾದಲ್ಲಿ ನೋಡಿ ಕೆಟ್ಟ ಬೀಜ ಬೇರೆ ಮಾಡುವ ಮಿಷಿನ್ ಬಂತು. ಅದನ್ನು ನಡೆಸುವ ಜವಾಬ್ದಾರಿ ನನಗೆ ಕೊಟ್ಟರು.

ನಮ್ಮ ತಾತ ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಪಕ್ಕ ನೆಲೆ ನಿಂತವರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸು ತಪ್ಪಿದ ದಿನ ನಡೆದೇ ಹೋಗಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವಳು ನಾನು. ಆದರೆ ಓದಿಸಿದ್ದು ಅವ್ವ. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಇದೇ ಕ್ಯೂರಿಂಗ್‌ನಲ್ಲಿ ಬೀಜ ಆರಿಸಿದಳು. ಎಸ್ಟೇಟುಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದ ಮೇಲೆ, ಅದರಲ್ಲಿರುವ ಕಪ್ಪು, ಒಡಕು, ಹುಳ ಕೊರೆದ ಬೀಜಗಳನ್ನು ಹೆಂಗಸರು ಸಾಲಾಗಿ ಕೂತು ಕೈಯಲ್ಲಿ ಆರಿಸಿ ತೆಗೆಯುತ್ತಿದ್ದರು. ಅವ್ವ ಮಾತಾಡುತ್ತ ಎತ್ತಲೋ ನೋಡುತ್ತಿದ್ದರೂ ಬೆರಳು ಮಾತ್ರ ಕೆಟ್ಟ ಬೀಜದ ಮೇಲೇ ಹೋಗಿ ನಿಲ್ಲುತ್ತಿತ್ತು.

ನಾನು ಅಲ್ಲಿನ ಲ್ಯಾಬಿಗೆ ಸೇರಿದ ದಿನ, ಅವ್ವನ ಪಕ್ಕ ಕೂರುತ್ತಿದ್ದ ನಬೀಸಕ್ಕ, "ಜಯಕ್ಕ, ನಿನ್ನ ಮಗಳು ನಮ್ಗೇ ಮೇಡಂ ಆಗಿ ಬಂದ್ಳಲ್ಲ. ಇನ್ನು ಎಲೆ ಅಡಿಕೆ ಹಾಕೋಕೂ ಪರ್ಮಿಷನ್ ಕೇಳ್ಬೇಕು" ಅಂದಿದ್ದರು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಆದರೆ ಲ್ಯಾಬಿನಲ್ಲಿ ನನಗಿದ್ದದ್ದು ಬೀಜದ ತೇವ ನೋಡಿ ಬರೆದಿಡುವ ಕೆಲಸ. ಇದಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಅಂತ ಒಳಗೊಳಗೇ ಅನ್ನಿಸುತ್ತಿತ್ತು. ಹಾಗಾಗಿ ಮಿಷಿನ್ ಬಂದಾಗ ನಿಜವಾಗಿಯೂ ಖುಷಿಪಟ್ಟೆ.

ಅದನ್ನು ಜೋಡಿಸಲು ಬಂದ ಎಂಜಿನಿಯರ್ ಒಂದು ಬುಟ್ಟಿ ಒಳ್ಳೆಯ ಬೀಜ, ಒಂದು ಬುಟ್ಟಿ ಕೆಟ್ಟ ಬೀಜ ಕೇಳಿದರು. ಎರಡನ್ನೂ ತೋರಿಸಿದರೆ ಮಿಷಿನ್ ಕಲಿತುಕೊಳ್ಳುತ್ತದಂತೆ. ನಾನು ನೇರ ಅವ್ವನ ಹತ್ತಿರ ಹೋದೆ. ಯಾತಕ್ಕೆ ಅಂತ ಕೇಳಿದಳು. ಸ್ಯಾಂಪಲ್ಲಿಗೆ ಅಂದೆ, ಅಷ್ಟೇ. ಮಗಳು ಕೇಳಿದ್ದಾಳೆ ಅಂತ ಅವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮ್ಯಾನೇಜರ್ ಮೂರು ದಿನ ನೋಡೋಣ ಅಂದರು. ಮಿಷಿನ್ ಕಾಣದೆ ಬಿಟ್ಟ ಕೆಟ್ಟ ಬೀಜ ಆರಿಸಲು ಆಮೇಲೂ ಜನ ಬೇಕು ಅನ್ನಿಸಿದರೆ ಹಳಬರಲ್ಲಿ ಹತ್ತು ಜನರನ್ನು ಉಳಿಸಿಕೊಳ್ಳುವುದು, ಬೇಡವಾದರೆ ಎಲ್ಲರನ್ನೂ ಕೆಲಸದಿಂದ ನಿಲ್ಲಿಸುವುದು ಅಂತ ನನ್ನ ಮುಂದೆಯೇ ಮಾತಾಯಿತು. ಆ ಹತ್ತರಲ್ಲಿ ಅವ್ವನೂ ನಬೀಸಕ್ಕನೂ ಖಂಡಿತ ಇರುತ್ತಿದ್ದರು.

ಮೂರನೆಯ ದಿನ ಅವ್ವ ಮಿಷಿನ್ ಹತ್ತಿರ ಬಂದಳು. ಆರಿಸಿ ಬಿದ್ದ ಒಳ್ಳೆಯ ರಾಶಿಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಒಂದು ಬೀಜ ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು.

"ಇದನ್ನ ಬಿಟ್ಬುಟ್ಟೈತೆ ಕಣೆ. ಬಣ್ಣ ಸರಿಯಾಗೇ ಐತೆ. ನಡು ಸೀಳಿನ ಪಕ್ಕ ನೋಡು, ಸೂಜಿ ಮೊನೆಯಷ್ಟು ಹುಳದ ತೂತು."

ಹೆಂಗಸರೆಲ್ಲ ನಕ್ಕರು. ಮಿಷಿನ್ನಿಗೂ ನಮ್ಮ ಜಯಕ್ಕನೇ ಟೀಚರ್ ಅಂತ ನಬೀಸಕ್ಕ ತಮಾಷೆ ಮಾಡಿದರು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ನನ್ನಿಂದ ಆಗಲಿಲ್ಲ. ನಾನು ನಡೆಸುವ ಮಿಷಿನ್ ತಪ್ಪು ಮಾಡಿತಲ್ಲ ಅಂತ ಮುಖ ಉರಿಯಿತು. ಅಂಥವೇ ಇನ್ನಷ್ಟು ಆರಿಸಿಕೊಡು ಅಂತ ಅವ್ವನನ್ನೇ ಕೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಹೋಗಿ ಒಂದು ಬಟ್ಟಲು ತುಂಬಾ ಆರಿಸಿ ತಂದಳು. ನಾನೂ ಎಂಜಿನಿಯರೂ ಕೂತು ಮಿಷಿನ್ನಿಗೆ ಅದನ್ನೂ ಕಲಿಸಿದೆವು. ಸಂಜೆ ಅವ್ವ ಮತ್ತೆ ಹಿಡಿ ಹಿಡಿಯಾಗಿ ತೆಗೆದು ಹುಡುಕಿದಳು. ಕೊನೆಗೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇಲ್ಲ ಕಣೆ, ಒಂದೂ ಇಲ್ಲ" ಅಂದಳು.

ಸುಳ್ಳು ಹೇಳಬಾರದು. ಕೆಲಸದಲ್ಲಿ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ದಿನ. ಓದಿದ್ದು ಸಾರ್ಥಕ ಅನ್ನಿಸಿತು. ಮ್ಯಾನೇಜರ್ ಎಲ್ಲರ ಮುಂದೆ ಹೊಗಳಿದರು.

ಮುಂದಿನ ಸೋಮವಾರದಿಂದ ಕೈಯಲ್ಲಿ ಆರಿಸುವ ಕೆಲಸ ನಿಂತಿತು. ಹತ್ತು ಜನರಿರಲಿ, ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ಅವರು ಕೂರುತ್ತಿದ್ದ ಜಾಗದಲ್ಲಿ ಈಗ ಮೂಟೆ ಜೋಡಿಸಿದ್ದಾರೆ.

ಕೆಲವು ತಿಂಗಳ ಮೇಲೆ ಧೈರ್ಯ ಮಾಡಿ ಅವ್ವನನ್ನು ಕೇಳಿದೆ, ನಾನು ಬೀಜ ಕೇಳಿದ್ದು ಯಾತಕ್ಕೆ ಅಂತ ನಿನಗೆ ಗೊತ್ತಿರಲಿಲ್ಲವಾ ಅಂತ. ಅವಳು ಅನ್ನ ಬಸಿಯುತ್ತಿದ್ದಳು, ತಿರುಗಲಿಲ್ಲ.

"ಬಟ್ಟಲು ಕೊಡೋವಾಗ ಗೊತ್ತಿತ್ತು. ನೀನು ಕೇಳಿದ್ಯಲ್ಲ, ಕೊಟ್ಟೆ."

ಸಂತೆಯಲ್ಲಿ ನಬೀಸಕ್ಕ ಸಿಕ್ಕರೆ ಈಗಲೂ ಮೇಡಂ ಅನ್ನುತ್ತಾರೆ. ತಮಾಷೆಗಲ್ಲ. ಹಾಗಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ನಾನು ಕೆಲಸ ಬಿಟ್ಟಿಲ್ಲ. ದಿನಾ ಬೆಳಗ್ಗೆ ಹೋಗಿ ಸ್ವಿಚ್ ಹಾಕುತ್ತೇನೆ. ಆ ದಿನದ ಸಂತೋಷ ಮತ್ತೆ ಬಂದಿಲ್ಲ, ಬರುತ್ತದೆ ಅಂತ ಕಾಯುವುದನ್ನೂ ಬಿಟ್ಟಿದ್ದೇನೆ. ಸಂಜೆ ಮನೆಗೆ ಬಂದರೆ ಅವ್ವ, ಮಿಷಿನ್ ಇವತ್ತು ಏನಾದ್ರೂ ಬಿಟ್ಟಿತ್ತಾ ಅಂತ ಕೇಳುತ್ತಾಳೆ. ಇಲ್ಲ ಅವ್ವ ಅನ್ನುತ್ತೇನೆ. ಒಂದು ದಿನವಾದರೂ ಹೌದು, ಬಿಟ್ಟಿತ್ತು ಅಂತ ಹೇಳಬೇಕು ಅಂತ ಆಸೆ. ಆದರೆ ಅದು ಬಿಡುವುದೇ ಇಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೇವೆ, ಅವ್ವ ಮತ್ತು ನಾನು.