ಚಾವಣಿ ಮುಟ್ಟುವ ಕಪಾಟು

"ರುವೈಸ್ ರಿಫೈನರಿಯವರು ಸ್ಯಾಂಪಲ್ ಒಪ್ಪದಿದ್ದರೆ ಉಸ್ತಾದ್ ಖಲಾಸ್. ವೀಸಾ ಕ್ಯಾನ್ಸಲ್" ಎಂದು ಮಾಲೀಕರು ಉಸ್ತಾದರ ಮುಖಕ್ಕೇ, ನನ್ನೆದುರೇ ಹೇಳಿದ್ದರು. ಅಂದಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ.

ದುಬೈಯ ಆ ಫರ್ನಿಚರ್ ಫ್ಯಾಕ್ಟರಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ಉಸ್ತಾದ್ ಎಂದರೆ ನಮ್ಮ ಡಿಸೈನರ್, ಯುಗೊಸ್ಲಾವಿಯದ ಮುದುಕ. ಸಮಾಜವಾದದ ಕಾಲದಲ್ಲಿ, ಕಾರ್ಮಿಕರೇ ಒಡೆಯರೆಂದು ಬೋರ್ಡು ಹಾಕಿದ್ದ ಕಾರ್ಖಾನೆಯಲ್ಲಿ, ಬಿಡಿ ಹಲಗೆ ಜೋಡಿಸುವ ಕಪಾಟುಗಳನ್ನು ಮಾಡಿಸಿದವರು. ಮಂತ್ರಿಯ ಮನೆಗೂ ಬಸ್ ಡ್ರೈವರನ ಮನೆಗೂ ಒಂದೇ ಅಳತೆ, ಒಂದೇ ಸಾಲಿನ ಸ್ಕ್ರೂ ತೂತು. ಯಾರ ಹಲಗೆಯಾದರೂ ಯಾರ ಕಪಾಟಿಗೂ ಕೂರಬೇಕು. ಚಿಕ್ಕ ಫ್ಲ್ಯಾಟಿನಲ್ಲಿ ಜಾಗ ಹಾಳಾಗಬಾರದೆಂದು ಕಪಾಟು ಚಾವಣಿ ಮುಟ್ಟಬೇಕು. ಯುದ್ಧದಲ್ಲಿ ದೇಶ ಚೂರಾದರೂ ಆ ಹಟ ಹೋಗಿರಲಿಲ್ಲ.

ರುವೈಸ್ ರಿಫೈನರಿಯ ಕ್ವಾರ್ಟರ್ಸ್‌ಗೂ ಅದನ್ನೇ ಬರೆಸಿದರು. ನಕ್ಷೆ ಬರೆಯುತ್ತಿದ್ದಂತೆ ನನಗೆ ನಮ್ಮ ಮನೆ ನೆನಪಾಯಿತು. ದುಬೈಯ ಮುರಕ್ಕಬಾತ್ ಬಡಾವಣೆಯ ಆ ಮನೆಯಲ್ಲಿ ಕಪಾಟಿನ ತಲೆಯ ಮೇಲೆ ಮೂರು ಸೂಟ್‌ಕೇಸುಗಳಿದ್ದವು. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ತುಂಬಿಸುವುದು ದಿನಾ: ಹಾಲಿನ ಪುಡಿ, ಸಾಬೂನು, ಅತ್ತಿಗೆಗೆ ಸೀರೆ. ಗಲ್ಫಿನಲ್ಲಿ ಯಾರ ಮನೆಯಾದರೂ ಹೀಗೇ.

"ಸೂಟ್‌ಕೇಸ್ ಎಲ್ಲಿಡುವುದು ಉಸ್ತಾದ್?" ಎಂದು ಕೇಳಿದೆ.

"ಸೂಟ್‌ಕೇಸ್ ಪ್ರಯಾಣಿಕರಿಗೆ. ನಾನು ಕಪಾಟು ಮಾಡುವುದು ಮನೆಗೆ."

ಹಿಡಿದ ಮೊಲಕ್ಕೆ ಮೂರೇ ಕಾಲು! ಇಂಥವರಿಗಾಗಿ ನಾನೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಸಿಟ್ಟೂ ಬಂತು.

ರುವೈಸ್‌ನಲ್ಲಿ ಸ್ಯಾಂಪಲ್ ಜೋಡಿಸಿ ನಿಂತೆವು. ಹೌಸಿಂಗ್ ಅಧಿಕಾರಿ ಕ್ವಾರ್ಟರ್ಸ್‌ನ ಕೆಲವು ಹೆಂಗಸರನ್ನೂ ಕರೆತಂದಿದ್ದರು. ಅವರಲ್ಲೊಬ್ಬರು ಮಂಗಳೂರಿನವರು. ಬಾಗಿಲು ತೆರೆದು, ಮುಚ್ಚಿ, ಮೇಲೆ ನೋಡಿ ನನಗೆ ಹೇಳಿದರು: "ಚಂದ ಉಂಟು ಮಾರಾಯ್ರೆ. ಆದ್ರೆ ಪೆಟ್ಟಿಗೆ ಇಡುದೆಲ್ಲಿ? ನಮ್ಮ ತಲೆ ಮೇಲಾ?"

ಆಕೆಯ ಕೈಸನ್ನೆ ನೋಡಿ ಉಳಿದವರೂ ನಕ್ಕರು. ಏನಂತೆ ಎಂದು ಅಧಿಕಾರಿ ನನ್ನ ಮುಖ ನೋಡಿದರು. ಚಂದ ಉಂಟಂತೆ ಎಂದಷ್ಟೇ ಹೇಳಿಬಿಡಲೇ? ಆದರೆ ಆಕೆಯ ಕೈ ತಲೆಯಿಂದ ಚಾವಣಿಗೆ ಹೋದದ್ದನ್ನು ಉಸ್ತಾದ್ ನೋಡಿದ್ದರು. ಸ್ಟೂಲು ಹತ್ತಿ, ನಾಲ್ಕು ಸ್ಕ್ರೂ ಬಿಚ್ಚಿ, ಮೇಲಿನ ಖಾನೆಯನ್ನು ಇಡಿಯಾಗಿ ಇಳಿಸಿದರು. ಕಿಟಕಿಯ ಕೆಳಗೆ ಇಟ್ಟು ಅದರ ಮೇಲೆ ತಾವೇ ಕೂತರು. ಕಪಾಟಿನ ಮೇಲೆ ಪೆಟ್ಟಿಗೆಗೆ ಜಾಗವೂ ಆಯಿತು, ಕೂರಲು ಬೆಂಚೂ ಆಯಿತು. "ಯಲ್ಲಾ, ಹೀಗೇ ಮಾಡಿ" ಎಂದರು ಅಧಿಕಾರಿ.

ವಾಪಸು ಬರುವಾಗ ನನಗೆ ಹೋದ ಜೀವ ಬಂದಂತಾಗಿತ್ತು. ಉಸ್ತಾದ್ ಮಾತ್ರ ಕಿಟಕಿಯಾಚೆಯ ಮರಳನ್ನೇ ನೋಡುತ್ತಿದ್ದರು.

"ವೀಸಾ ಉಳಿಯಿತಲ್ಲ, ಇನ್ನೇನು ನಿಮ್ಮದು?" ಎಂದು ಸಿಡುಕಿದೆ.

"ನಿಮಗೆಲ್ಲ ಹೋಗುವ ಊರಿದೆ, ಪೆಟ್ಟಿಗೆ ತುಂಬಿಸುತ್ತೀರಿ" ಎಂದರು. "ವೀಸಾ ತೆಗೆದರೆ ಮಾಲೀಕರು ಊರಿಗೆ ಟಿಕೆಟ್ ಕೊಡಬೇಕು. ಒಂದು ವಾರದಿಂದ ಅದೇ ಯೋಚನೆ. ಯಾವ ಊರಿಗೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆ?"