ಗುಂಡ ಕಪ್ಪೆಯ ಹದಿನೇಳು ಚರ್ಮ

ಸ್ವಲ್ಪ ತಡೆಯಿರಿ, ಕೈಯಲ್ಲಿ ಚಹಾ ಇದ್ದರೆ ಕೆಳಗಿಡಿ. ಒಂದು ಕಪ್ಪೆ ಬೆನ್ನು ಡೊಂಕು ಮಾಡಿ, ಎರಡೂ ಕೈಗಳಿಂದ ತನ್ನ ಚರ್ಮವನ್ನು ಒದ್ದೆ ಬನಿಯನ್ನಿನ ಹಾಗೆ ತಲೆಯ ಮೇಲಿಂದ ಎಳೆದು ಕಳಚಿ, ಆಮೇಲೆ ಅದನ್ನೇ ಬಾಯಿಗೆ ತುರುಕಿಕೊಂಡು ನುಂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲವಲ್ಲ, ಹದಿನೇಳು ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಕಪ್ಪೆ ನನ್ನದಲ್ಲ. ಅಬುಧಾಬಿಯಲ್ಲಿ ಜುಲೈ ಬಂತೆಂದರೆ ಸಂಸಾರಸ್ಥರೆಲ್ಲ ಊರಿಗೆ ಹೋಗುತ್ತಾರೆ. ಹೋಗುವ ಮುಂಚೆ ಮನೆಯ ಕೀಲಿಕೈ, ತುಳಸಿ ಕುಂಡ, ಮೀನಿನ ತೊಟ್ಟಿಗಳನ್ನು ನಮ್ಮಂಥ ಬ್ಯಾಚುಲರ್‌ಗಳಿಗೆ ಹಂಚುತ್ತಾರೆ. ನಮ್ಮ ಆಫೀಸಿನ ಹಿರಿಯರಾದ ರಾಯರು ಮಗಳ ಕಪ್ಪೆಯನ್ನು ಯಾರಿಗೆ ಕೊಡುವುದೆಂದು ಯೋಚಿಸುತ್ತಿದ್ದಾಗ ನಾನೇ ಮುಂದೆ ಬಿದ್ದೆ. ಜಲಚರಗಳ ಬಗ್ಗೆ ಆಫೀಸಿನ ಇಂಟರ್ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಆಫೀಸಿನ ಪ್ರಿಂಟರಿನಲ್ಲೇ ಮುದ್ರಿಸಿ ಫೈಲು ಮಾಡಿದವನು ನಾನು. ನನ್ನನ್ನು ಬಿಟ್ಟು ಇನ್ಯಾರಿಗೆ ಕೊಡುತ್ತಾರೆ?

ಎಂಟು ವರ್ಷದ ತನ್ವಿ ಕಪ್ಪೆಯ ಗಾಜಿನ ತೊಟ್ಟಿಯನ್ನು ನನ್ನ ಕೈಗಿಡುವಾಗ, "ಅಂಕಲ್, ಇವ್ನ ಹೆಸ್ರು ಗುಂಡ. ಪ್ಲೀಸ್ ಡೋಂಟ್ ಲೆಟ್ ಹಿಮ್ ಡೈ" ಎಂದಳು. ಇಪ್ಪತ್ತನಾಲ್ಕು ವರ್ಷಕ್ಕೇ ಅಂಕಲ್ ಅನ್ನಿಸಿಕೊಂಡ ನೋವನ್ನು ನುಂಗಿ, ಸಾಯಲು ಬಿಡುವುದಿಲ್ಲವೆಂದು ಮಾತು ಕೊಟ್ಟೆ.

ಗುಂಡ ಹೆಬ್ಬೆರಳಿನಷ್ಟು ದೊಡ್ಡವನು. ದಡ ಹತ್ತುವ ಜಾತಿಯಲ್ಲ. ನೀರಲ್ಲೇ ವಾಸ, ಉಸಿರಿಗಾಗಿ ಮಾತ್ರ ಮೇಲೆ ಬಂದು ಮೂಗು ತೋರಿಸಿ ಹೋಗುತ್ತಾನೆ. ಇಂಥ ಕಪ್ಪೆಗಳು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಚರ್ಮ ಬಿಡುವುದು ಸಹಜ. ಹಾವು ಪೊರೆ ಬಿಟ್ಟರೆ ಊರಿಗೆಲ್ಲ ಸುದ್ದಿ. ಕಪ್ಪೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಸಾಕ್ಷ್ಯವನ್ನೇ ತಿಂದುಬಿಡುತ್ತದೆ. ಬಟ್ಟೆ ಒಗೆಯುವ ಕಷ್ಟವೂ ಇಲ್ಲ, ಮಡಚುವ ಕಷ್ಟವೂ ಇಲ್ಲ. ನಾಲ್ಕು ಮಂದಿಗೆ ಒಂದೇ ಹಗ್ಗವಿದ್ದ ನಮ್ಮ ರೂಮಿನಲ್ಲಿ ಈ ಪದ್ಧತಿಯನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ.

ಆದರೆ ಗುಂಡ ವಾರಕ್ಕೊಮ್ಮೆ ಅಲ್ಲ, ಎರಡು ದಿನಕ್ಕೊಮ್ಮೆ ಬಿಡತೊಡಗಿದ. ಚರ್ಮ ಪೂರ್ತಿ ಬರುತ್ತಲೂ ಇರಲಿಲ್ಲ. ತೊಡೆಯ ಬಳಿ ಚಿಂದಿಯಾಗಿ ನೇತಾಡುತ್ತಿತ್ತು. ಆಹಾರ ಹಾಕಿದರೆ ಮುಖ ತಿರುಗಿಸುತ್ತಿದ್ದ. ಕಪ್ಪೆ ಮುಖ ತಿರುಗಿಸಿದರೆ ಎಷ್ಟು ಅವಮಾನವಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು.

ರೂಮಿನಲ್ಲಿ ಸಭೆ ಸೇರಿತು. ಕುಂದಾಪುರದ ಸದಾನಂದಣ್ಣ ಮೀನಾ ಬಂದರಿನ ತರಕಾರಿ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದವರು. ತೊಟ್ಟಿಗೆ ಕಣ್ಣು ತಾಗಿಸಿ ನೋಡಿ, "ಹ್ವಾಯ್, ಅದ್ಕೆ ಸೆಕೆ ಆತಿತ್ತ್ ಕಾಣ್. ನಾವೂ ಅಂಗಿ ಬಿಚ್ಚುದಿಲ್ಯಾ?" ಎಂದರು. ಉಳ್ಳಾಲದ ಹಮೀದಿಚ್ಚ ಮುಸಫ್ಫಾದ ಗ್ಯಾರೇಜಿನವರು. ಅವರದು ಮೆಕ್ಯಾನಿಕ್ ದೃಷ್ಟಿ: "ಅದು ಪೇಂಟ್ ಏಳುವುದು ಮಾರಾಯ. ಒಳಗೆ ತುಕ್ಕು ಹಿಡಿದಿರ್ಬೇಕು."

ನಾನು ಇಬ್ಬರನ್ನೂ ನೋಡಿ ಪಂಡಿತನಂತೆ ನಕ್ಕು ಫೈಲು ತೆರೆದೆ. ನಲ್ಲಿ ನೀರಿನ ಕ್ಲೋರಿನ್ ಕಪ್ಪೆಯ ಚರ್ಮವನ್ನು ಸುಡುತ್ತದೆ, ಆದ್ದರಿಂದ ನೀರನ್ನು ಒಂದು ದಿನ ತೆರೆದಿಟ್ಟು ಬಳಸಬೇಕು ಎಂದಿತ್ತು. ಅದನ್ನು ನಾನು ಮೊದಲ ದಿನದಿಂದಲೇ ಮಾಡುತ್ತಿದ್ದೆನಲ್ಲ! ವಾರಕ್ಕೆರಡು ಸಲ ಬಾತ್‌ರೂಮಿನಲ್ಲಿ ಕೆಂಪು ಬಕೆಟ್ಟು ತುಂಬಿಸಿಟ್ಟು, ಮರುದಿನ ಸಂಜೆ ಅದರಿಂದಲೇ ತೊಟ್ಟಿಯ ನೀರು ಬದಲಿಸುತ್ತಿದ್ದೆ. ಗುಂಡನ ಆಹಾರ ಕೊಳ್ಳುವಾಗ ಅಕ್ವೇರಿಯಂ ಅಂಗಡಿಯವನು ಕ್ಲೋರಿನ್ ತೆಗೆಯುವ ಹನಿಯ ಬಾಟಲಿ ಕೊಡಲು ಬಂದರೆ, ಪ್ರಕೃತಿಯೇ ಮಾಡುವ ಕೆಲಸಕ್ಕೆ ಬಾಟಲಿ ಯಾಕೆಂದು ಅವನಿಗೇ ಕಾಲು ಗಂಟೆ ಪಾಠ ಮಾಡಿದ್ದೆ.

ಹಾಗಾದರೆ ನೀರು ಬದಲಿಸಿದ್ದು ಸಾಲದೇನೋ ಎಂದು ದಿನಕ್ಕೊಮ್ಮೆ ಬದಲಿಸತೊಡಗಿದೆ. ಗುಂಡ ಇನ್ನಷ್ಟು ಚರ್ಮ ಬಿಟ್ಟ. ನಾನು ಇನ್ನಷ್ಟು ನೀರು ಬದಲಿಸಿದೆ. ಅವನು ಬಿಡುತ್ತಾನೆಂದು ನಾನು ಬದಲಿಸುತ್ತಿದ್ದೆನೋ, ನಾನು ಬದಲಿಸುತ್ತೇನೆಂದು ಅವನು ಬಿಡುತ್ತಿದ್ದನೋ, ಇಬ್ಬರೂ ಸೊರಗಿದೆವು. ಹದಿನೇಳನೆಯ ಚರ್ಮದ ದಿನ ಅವನು ಮೇಲೆ ತೇಲಿಕೊಂಡೇ ಇದ್ದ. ಆಫೀಸಿನಲ್ಲಿ ಕೂತರೆ ತನ್ವಿಯ ಮುಖವೇ ಕಣ್ಣ ಮುಂದೆ. ತಲೆನೋವೆಂದು ಹೇಳಿ ಮೂರೂವರೆಗೇ ರೂಮಿಗೆ ಓಡಿ ಬಂದೆ.

ಬಾತ್‌ರೂಮಿನ ಒಳಗಿಂದ ಮಗ್ಗಿನ ಸದ್ದು. ಹಮೀದಿಚ್ಚ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಹಿಂದೆ ಕೆಂಪು ಬಕೆಟ್ಟಿಗೆ ನಲ್ಲಿ ನೀರು ಬೀಳುತ್ತಿತ್ತು. ಸೋಪು ಮೆತ್ತಿದ ಮಗ್ಗು ಅದರಲ್ಲೇ ತೇಲುತ್ತಿತ್ತು.

"ಹಮೀದಿಚ್ಚಾ, ಆ ಬಕೆಟ್ಟಿನ ನೀರಲ್ಲಿ ಮಿಂದಿರಾ?"

"ಮತ್ತೆ? ದಿನಾ ಮೀಯುವುದು ಅದರಲ್ಲೇ. ನಲ್ಲಿ ನೀರು ಮೈಗೆ ಹಾಕಿದ್ರೆ ನನ್ನ ಚರ್ಮ ಸಹ ಏಳ್ತದೆ. ನೀನು ನಮಗೇಂತ ತಣ್ಣೀರು ಹಿಡಿದಿಡುವುದಲ್ವಾ?"

"ಅದು ಕಪ್ಪೆಗೆ!"

"ಕಪ್ಪೆಗಾ?" ಅವರ ಮುಖ ಇಳಿಯಿತು. "ಪಾಪದ ಹುಡುಗ, ದೊಡ್ಡವರ ಮೇಲೆ ಎಷ್ಟು ಪ್ರೀತಿ ಅಂತ ಊರಿಗೆ ಫೋನು ಮಾಡುವಾಗೆಲ್ಲ ಹೇಳಿದ್ದೆ. ಅಲ್ಲ ಮಾರಾಯ, ಒಂದು ದಿನ ಆದ್ರೂ ಖಾಲಿ ಬಕೆಟ್ ಬಿಟ್ಟು ಬಂದಿದ್ದೇನಾ? ತುಂಬಿಸಿಯೇ ಬರುವುದು."

ಮಾರ್ಕೆಟ್ಟಿನಿಂದ ಮಧ್ಯಾಹ್ನವೇ ಮರಳಿ ಮಂಚದಲ್ಲಿ ಮಲಗಿದ್ದ ಸದಾನಂದಣ್ಣ ಎದ್ದು ಕೂತರು. "ಅದ್ರಲ್ಲಿ ನೀವೂ ಮೀತ್ರಿಯಾ? ನಾ ಮಧ್ಯಾಹ್ನ ಮಿಂದ್ ತುಂಬ್ಸಿ ಇಡುದಲ್ದಾ!"

"ಅದಕ್ಕೇ ಅದು ಒಮ್ಮೊಮ್ಮೆ ಬೆಚ್ಚಗೆ ಇರುವುದು!" ಎಂದು ಹಮೀದಿಚ್ಚ ಅವರ ಮೇಲೆ ರೇಗಿದರು.

ಆಗಸ್ಟಿನ ಅಬುಧಾಬಿಯಲ್ಲಿ ತಣ್ಣೀರ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಲ್ಲಿ ಬೆಂದ ನೀರು ಬರುತ್ತದೆ. ಬಕೆಟ್ಟಿನಲ್ಲಿ ಆರಿದ ನೀರೇ ಭಾಗ್ಯ. ಅದನ್ನು ಬಳಸಿದವರು ಮರ್ಯಾದಸ್ಥರಾದ್ದರಿಂದ ಮತ್ತೆ ತುಂಬಿಸಿಡುತ್ತಿದ್ದರು. ಆ ಮರ್ಯಾದೆಯ ತಾಜಾ ಕ್ಲೋರಿನ್ನನ್ನು, ಮೇಲಿಂದ ಸೋಪಿನ ನೊರೆಯನ್ನು ನಾನು ಶ್ರದ್ಧೆಯಿಂದ ಗುಂಡನ ಮೇಲೆ ಸುರಿಯುತ್ತಿದ್ದೆ. ಎಷ್ಟು ಪುಟ ಓದಿದ್ದೆ. ಜೊತೆಗಿದ್ದ ಮೂವರನ್ನು ಒಂದು ಮಾತು ಕೇಳಿರಲಿಲ್ಲ. ರಾತ್ರಿ ಪಾಳಿಗೆ ಹೋಗುವ ಮೂರನೆಯವನನ್ನು ನಾನು ಆಮೇಲೂ ಕೇಳಲಿಲ್ಲ, ಧೈರ್ಯವಾಗಲಿಲ್ಲ.

ಅವತ್ತೇ ಅಂಗಡಿಗೆ ಹೋಗಿ, ತಲೆ ತಗ್ಗಿಸಿ ಬಾಟಲಿ ತಂದೆ. ಬೇರೆ ಬಕೆಟ್ಟು ನನ್ನ ಮಂಚದ ಕೆಳಗೆ ಸೇರಿತು. ಐದನೆಯ ದಿನ ಗುಂಡ ಹುಳು ತಿಂದ. ಹಮೀದಿಚ್ಚ ಆ ಖುಷಿಗೆ ಎಲ್ಲರಿಗೂ ಬಿರಿಯಾನಿ ತಂದರು. ಕಪ್ಪೆ ಹೊಳೆಯತೊಡಗಿತು.

ಆ ಹೊಳಪೇ ತೊಂದರೆಗೆ ಬಂತು. ರಾಯರ ಮನೆಗೆ ತೊಟ್ಟಿ ಒಪ್ಪಿಸಲು ಹೋದಾಗ, ಊರಿಂದ ಬಂದ ತನ್ವಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, "ದಿಸ್ ಈಸ್ ನಾಟ್ ಗುಂಡ. ಗುಂಡ ಇಷ್ಟು ಶೈನಿ ಇರ್ಲಿಲ್ಲ" ಎಂದಳು.

ಅವಳಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಸತ್ತೋಗಿದ್ರೆ ಹೇಳ್ಬಿಡಿ, ನಾವೇನೂ ಅಂದ್ಕೊಳಲ್ಲ. ಹೋದ್ವರ್ಷ ಮೀನು ನೋಡ್ಕೊಂಡೋರೂ ಹೀಗೇ ಬೇರೆ ತಂದಿಟ್ಟಿದ್ರು."

ಎರಡು ತಿಂಗಳು ಒದ್ದಾಡಿ ಬದುಕಿಸಿದ ಮೇಲೆ ಹೀಗೆ! ಬೇರೆ ದಾರಿ ಕಾಣದೆ ಡೈರಿ ತೆಗೆದು ತನ್ವಿಗೆ ಕೊಟ್ಟೆ. ಅವಳು ಬೆರಳಿಟ್ಟು ಎಣಿಸಿದಳು.

"ಸೆವೆಂಟೀನ್ ಸ್ಕಿನ್ಸ್? ಎಲ್ಲಾ ಎಲ್ಲಿ?"

"ಅವನೇ ತಿಂದ, ಪುಟ್ಟಿ."

"ಎಲ್ಲಾನೂ?"

"ಕಳಚಿದ್ದಷ್ಟನ್ನೂ."

ಅವಳು ಮತ್ತೊಮ್ಮೆ ಗುಂಡನನ್ನು ನೋಡಿ ಯೋಚಿಸಿದಳು. "ಓಕೆ. ದೆನ್ ಓಲ್ಡ್ ಗುಂಡ ಈಸ್ ಇನ್‌ಸೈಡ್" ಎಂದು ತೊಟ್ಟಿಯನ್ನು ಎತ್ತಿಕೊಂಡು ತನ್ನ ಕೋಣೆಗೆ ನಡೆದಳು.

ಅವಳಮ್ಮ ಮಾತ್ರ ಇವತ್ತಿಗೂ ನನ್ನನ್ನು ಪೂರ್ತಿ ನಂಬಿದಂತಿಲ್ಲ. ನೀವೂ ಯಾರದಾದರೂ ಕಪ್ಪೆಯನ್ನೋ ಮೀನನ್ನೋ ಗಿಳಿಯನ್ನೋ ನೋಡಿಕೊಂಡು, ವಾಪಸು ಕೊಡುವಾಗ ಅದು ಅದೇ ಎಂದು ನಂಬಿಸಲು ಪಾಡು ಪಟ್ಟಿರಬೇಕು. ಹೇಗೆ ನಂಬಿಸಿದಿರಿ? ನಾಚಿಕೊಳ್ಳದೆ ಬರೆದು ಕಳಿಸಿ. ನಿಜವಾಗಿಯೂ ಬೇರೆ ತಂದಿಟ್ಟವರು ಇದ್ದರೆ ಅವರೂ ಬರೆಯಬಹುದು, ನಾನು ಯಾರಿಗೂ ಹೇಳುವುದಿಲ್ಲ.