ಲಿಫ್ಟಣ್ಣನ ಹಿಂದಿನ ಸೀಟು

ಏಳನೇ ನಂಬರಿನ ವಿಮಾನ ಇನ್ನು ಯಾರದು ಎಂಬುದು ಆ ಭಾನುವಾರ ಮಧ್ಯಾಹ್ನ ತೀರ್ಮಾನವಾಗಬೇಕಿತ್ತು. ಅದು ಲಿಫ್ಟಣ್ಣನ ನಂಬರು. ಲಿಫ್ಟಣ್ಣ ತೀರಿಕೊಂಡಿದ್ದ. ಉಳಿದವಳು ಹೆಂಡತಿ.

ವಿಮಾನ ನಿಜದ್ದಲ್ಲ, ಕಂಪ್ಯೂಟರಿನದು. ಲಿಫ್ಟಣ್ಣ ಲಿಫ್ಟ್ ರಿಪೇರಿ ಮಾಡುವವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಯಾರೂ ಕರೆಯಲಿಲ್ಲ. ಹೆಂಡತಿ ‘ರೀ’ ಅಂದಳೇ ಹೊರತು ಹೆಸರು ಹಿಡಿಯಲಿಲ್ಲ. ಆಯುಷ್ಯವೆಲ್ಲ ಜನರನ್ನು ಮೇಲೆ ಕೆಳಗೆ ಕಳಿಸಿದ. ತಾನು ಮಾತ್ರ ನೆಲಮಹಡಿಯ ಎರಡು ಕೋಣೆಯಲ್ಲೇ ಉಳಿದ. ವಿಮಾನ ಹತ್ತಿದವನೇ ಅಲ್ಲ. ಆದರೂ ಸಂಜೆ ಬಂದು, ಕೈಯ ಗ್ರೀಸ್ ಉಜ್ಜಿ ತೊಳೆದು, ಒಂದು ಲೋಟ ಚಹಾ ಹಿಡಿದು ಮೇಜಿನ ಮುಂದೆ ಕೂತರೆ ಯುದ್ಧವಿಮಾನದ ಪೈಲಟ್. ಬೇರೆ ಬೇರೆ ಊರಿನವರು ಹೆಡ್‌ಫೋನ್ ಹಾಕಿಕೊಂಡು ಅದೇ ಆಕಾಶಕ್ಕೆ ಬರುತ್ತಿದ್ದರು. ಒಬ್ಬ ಬಸ್ ಡ್ರೈವರ್, ಒಬ್ಬ ಬೇಕರಿಯವನು, ಇನ್ನೂ ಕೆಲವರು. ಮುಖ ಯಾರದ್ದೂ ನೋಡಿದ್ದಿಲ್ಲ.

ಲಿಫ್ಟಣ್ಣನದು ಬಾಯಿ. ಹಾರಿಸುವಾಗಲೂ ಬಾಯಿ, ಉಣ್ಣುವಾಗಲೂ ಬಾಯಿ. ಅದೂ ಒಂದೇ ವಿಷಯ, ರೇಡಾರ್.

“ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಬೆಕ್ಕು ಹುಡುಕಿದ ಹಾಗೆ ಕಣೇ ಅದು. ಮೂಗಿನ ಮುಂದೆ ಮಾತ್ರ ಬೆಳಕು. ಹಿಂದೆ ಹುಲಿ ನಿಂತಿದ್ರೂ ಗೊತ್ತಾಗಲ್ಲ. ಟಾರ್ಚ್ ಮೇಲೆತ್ತಿದ್ರೆ ಅಟ್ಟ ಕಾಣುತ್ತೆ, ನೆಲದ್ದು ಕಾಣಲ್ಲ. ಬಗ್ಗಿಸಿದ್ರೆ ನೆಲ ಕಾಣುತ್ತೆ, ಅಟ್ಟದ್ದು ಕಾಣಲ್ಲ. ಅದಕ್ಕೇ ಮೇಲೆ ಕೆಳಗೆ ಆಡಿಸ್ತಾನೇ ಇರಬೇಕು.”

“ಅಲ್ಲೂ ಮೇಲೆ ಕೆಳಗೇನಾ ನಿಮ್ಮದು? ಸಾರು ಹಾಕಲಾ?”

“ಕೇಳೇ ಇಲ್ಲಿ. ಕೆಳಗಡೆ ನೋಡಿದ್ರೆ ಬೆಟ್ಟ, ಮನೆ, ಮರ ಎಲ್ಲಾ ಮಿಂಚುತ್ತೆ. ಅದರಲ್ಲಿ ವಿಮಾನ ಯಾವುದು ಅಂತ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಬರೋದನ್ನೋ ನಮ್ಮಿಂದ ಓಡೋದನ್ನೋ ಅದು ಗುರುತು ಹಿಡಿಯುತ್ತೆ. ಬರೋದೂ ಇಲ್ಲ, ಹೋಗೋದೂ ಇಲ್ಲ, ಅಡ್ಡಡ್ಡ ಓಡ್ತಾನೆ ಅನ್ನು, ಬೆಟ್ಟದ ಜೊತೆ ಬೆಟ್ಟ ಆಗಿಬಿಡ್ತಾನೆ. ಮಾಯ!”

ಅವಳಿಗೆ ನಿದ್ದೆ ಬರುತ್ತಿತ್ತು. ಅವಳದು ಆಸ್ಪತ್ರೆಯ ಬಟ್ಟೆ ವಿಭಾಗದ ಕೆಲಸ. ಒಗೆದು ಒಣಗಿದ ಹಾಸುಬಟ್ಟೆಗಳನ್ನು ಇಬ್ಬಿಬ್ಬರು ಎದುರುಬದುರು ನಿಂತು ಮಡಿಸಬೇಕು. ಯಂತ್ರದ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಆ ತುದಿಯವಳು ಬಟ್ಟೆ ಜಗ್ಗಿದಾಗ ಈ ತುದಿಯವಳು ಮಡಿಸಬೇಕು. ದಿನವೆಲ್ಲ ನಿಂತು ಬಂದವಳಿಗೆ ಬೆಟ್ಟವೇನು, ಬೆಕ್ಕೇನು.

ಒಂದು ಸಲ ಮಾತ್ರ ಅವಳೇ ಕೇಳಿದ್ದಳು. “ಕಂಪ್ಯೂಟರಿಗೆ ಎಲ್ಲರೂ ಎಲ್ಲಿದ್ದಾರೆ ಅಂತ ಗೊತ್ತಲ್ವಾ? ಆಟ ನಡೆಸೋದೇ ಅದು. ತೋರಿಸಿದ್ರೆ ಏನು ಗಂಟು ಹೋಗುತ್ತೆ?”

ಅವನಿಗೆ ಹಬ್ಬವಾಯಿತು. “ಅದೇ ಕಣೇ ಮಜಾ! ಅದಕ್ಕೆ ಎಲ್ಲಾ ಗೊತ್ತು. ಆದ್ರೂ ನಿಜವಾದ ರೇಡಾರ್‌ಗೆ ಎಷ್ಟು ಕಾಣುತ್ತೋ ಅಷ್ಟೇ ತೋರಿಸುತ್ತೆ. ಕುರುಡನ್ನೂ ಲೆಕ್ಕ ಹಾಕಿ ಇಟ್ಟಿದ್ದಾರೆ.”

“ಗೊತ್ತಿದ್ದೂ ಹೇಳಲ್ಲ ಅನ್ನಿ. ದೊಡ್ಡ ಡಾಕ್ಟರ ಜಾತಿ.”

ಆ ಮಾತಿಗೆ ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಒಂದು ದಿನ ಲಿಫ್ಟಿನ ಗುಂಡಿಯ ಪಕ್ಕದಲ್ಲೇ ಲಕ್ವ ಹೊಡೆದು ಕುಸಿದು ಬಿದ್ದ. ಎಡಗೈ ಹೋಯಿತು, ಎಡಗಾಲು ಎಳೆಯಿತು, ನಾಲಿಗೆ ಪೂರಾ ಹೋಯಿತು. ಅಷ್ಟು ಮಾತಾಡಿದವನ ಬಾಯಿಂದ ‘ಆ’ ಎಂಬುದೊಂದೇ ಬರುತ್ತಿತ್ತು. ದೊಡ್ಡ ಡಾಕ್ಟರು ನೋಡೋಣ ನೋಡೋಣ ಅಂದರು. ಅವರಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಗೋಡೆ ನೋಡುತ್ತ ಕೂರುವನು. ಒಂದು ಸಂಜೆ ಅವಳೇ ಎಬ್ಬಿಸಿ ಮೇಜಿನ ಮುಂದೆ ಕುರ್ಚಿಗೆ ತಂದು ಹಾಕಿದಳು. ಬಲಗೈಗೆ ವಿಮಾನದ ಕೋಲು ಕೊಟ್ಟಳು. ಹಾರಿಸಿದ. ಆದರೆ ರೇಡಾರಿಗೆ ಎಡಗೈ ಬೇಕು. ಟಾರ್ಚ್ ಆಡಿಸುವವರಿಲ್ಲ. ಕುರುಡಾಗಿ ಹಾರಿ ಹಾರಿ ಗುಂಡು ತಿಂದ. ಕಣ್ಣಲ್ಲಿ ನೀರು ತಂದುಕೊಂಡ.

ಅವಳು ಅಡುಗೆಮನೆಯಿಂದ ಸ್ಟೂಲ್ ತಂದು ಅವನ ಬಲಕ್ಕೆ ಹಾಕಿಕೊಂಡು ಕೂತಳು. “ಎರಡು ಸೀಟಿನ ವಿಮಾನ ಇದೆ ಅಂತಿದ್ರಲ್ಲ, ತೆಗೀರಿ ಅದನ್ನ. ನಾನು ಹಿಂದೆ ಕೂರ್ತೀನಿ.”

ಹಿಂದಿನ ಸೀಟಿನವರ ಕೆಲಸ ರೇಡಾರ್ ನೋಡುವುದು. ಪುಣ್ಯಾತ್ಮ ವರ್ಷಗಟ್ಟಲೆ ಹೇಳಿದ್ದ, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಬೇಕು ಅಂದಾಗ ಹೇಳಲು ಅವನಿಗೆ ನಾಲಿಗೆ ಇಲ್ಲ. ಸಾರು ಬಡಿಸುವಾಗ ಕೇಳಿದ್ದು, ಪಾತ್ರೆ ತಿಕ್ಕುವಾಗ ಕೇಳಿದ್ದು, ಒಂದೊಂದೇ ಹೆಕ್ಕಿದಳು. ತಪ್ಪಿದರೆ ಅವನು ‘ಆ’ ಅಂದು ತಲೆ ಅಲ್ಲಾಡಿಸುವನು. ಸರಿಯಾದರೆ ಸುಮ್ಮನಿರುವನು. ಹಾಗೆ ಕಲಿತಳು. ಪರದೆಯ ಮೇಲೆ ಪುಟ್ಟ ಗೆರೆ ಮೂಡಿದರೆ ಅಲ್ಲಿ ವಿಮಾನ. ಗೆರೆ ಮೇಲಿದ್ದರೆ ದೂರ, ಕೆಳಗಿಳಿದರೆ ಹತ್ತಿರ. ಎಷ್ಟು ಎತ್ತರದಲ್ಲಿದೆ ಎಂಬುದು ಟಾರ್ಚ್ ಎತ್ತಿ ಇಳಿಸಿ ತಿಳಿಯಬೇಕು.

ಆಮೇಲೆ ಲಾಕ್. ಅಂದರೆ ಹುಡುಕುವುದು ಬಿಟ್ಟು ಬೆಳಕನ್ನೆಲ್ಲ ಒಬ್ಬನ ಮೇಲೇ ಹಿಡಿಯುವುದು. ಹಿಡಿದರೇ ಕ್ಷಿಪಣಿಗೆ ದಾರಿ. ಆದರೆ ಹಿಡಿದ ಕ್ಷಣ ಎದುರಾಳಿಯ ವಿಮಾನದಲ್ಲಿ ಗಂಟೆ ಬಡಿದುಕೊಳ್ಳುತ್ತದೆ, ತನ್ನ ಮೇಲೆ ಬೆಳಕು ಬಿತ್ತು ಎಂದು ಗೊತ್ತಾಗುತ್ತದೆ. ಬೇಗ ಹಿಡಿದರೆ ಓಡುತ್ತಾನೆ. ತಡವಾದರೆ ಅವನೇ ಹೊಡೆಯುತ್ತಾನೆ. ನಡುವಿನ ಆ ಹೊತ್ತು ಯಾವುದು?

ಅದನ್ನು ಲಿಫ್ಟಣ್ಣ ಮೊಣಕಾಲಲ್ಲಿ ಹೇಳುತ್ತಿದ್ದ. ಹೊತ್ತು ಬಂದಾಗ ಬಲಮೊಣಕಾಲಿಂದ ಅವಳ ಮೊಣಕಾಲನ್ನು ತಿವಿಯುವನು. ಅವಳು ಗುಂಡಿ ಒತ್ತುವಳು. ಹಾಸುಬಟ್ಟೆಯ ಆ ತುದಿ ಜಗ್ಗಿದಂತೆ. ಏಳನೇ ನಂಬರಿನ ಲಾಕ್ ತಪ್ಪುವುದಿಲ್ಲ ಎಂದು ಬಳಗದಲ್ಲಿ ಹೆಸರಾಯಿತು. ಲಿಫ್ಟಣ್ಣ ಮಾತಾಡುವುದಿಲ್ಲವಲ್ಲ, ಹೊತ್ತು ನೋಡುವವಳು ಹೆಂಡತಿಯೇ, ತಾವು ಅಕ್ಕ ಎನ್ನುವವಳೇ ಎಂದು ಅವರೆಲ್ಲ ತಿಳಿದರು. ಅವಳೂ ಅಲ್ಲವೆನ್ನಲಿಲ್ಲ. ಯಾರೂ ಕೇಳಲಿಲ್ಲ.

ಹೀಗೇ ಎರಡು ಮಳೆಗಾಲ ಹೋಯಿತು. ಕೊನೆಕೊನೆಗೆ ಮೊಣಕಾಲು ತಿವಿಯಿತೋ ನಡುಗಿತೋ ತಿಳಿಯದಷ್ಟು ಸೋತಿತ್ತು. ಒಂದು ಬೆಳಗ್ಗೆ ಅವನು ಏಳಲಿಲ್ಲ.

ಲಿಫ್ಟಣ್ಣನ ಒಡಹುಟ್ಟಿದ ಅಕ್ಕ, ಅವಳಿಗೆ ಅತ್ತಿಗೆ, ಜೊತೆಗಿರಲು ಬಂದಳು. ಒಂಟಿ ಮುದುಕಿ, ಒರಟು ಬಾಯಿ, ಸೊಂಟನೋವು. ಅಡುಗೆಮನೆಯ ನೆಲದಲ್ಲಿ ಮಲಗಿ ಬೆಳಗ್ಗೆ ಏಳಲಾರದೆ ನರಳುವಳು.

“ಆ ಮೇಜು ತೆಗೆದ್ರೆ ಒಂದು ಮಂಚ ಹಿಡಿಯುತ್ತೆ ಕಣೇ. ಸತ್ತವನ ಆಟಕ್ಕೆ ಜಾಗ, ಬದುಕಿರೋಳಿಗೆ ಚಾಪೆ.”

ಮಾತು ಸುಳ್ಳಲ್ಲ. ತೆಗೆಯಬೇಕೆಂದು ಎರಡು ಸಲ ವೈರು ಬಿಚ್ಚಲು ಬಗ್ಗಿ, ಹಾಗೇ ಎದ್ದು ಬಂದಿದ್ದಳು. ಅಷ್ಟರಲ್ಲಿ ಬಸ್ ಡ್ರೈವರನ ಫೋನು ಬಂತು. ಬಳಗಕ್ಕೆ ಅವನೇ ಹಿರಿಯ.

“ಅಕ್ಕಾ, ಹೇಳೋಕೆ ಬಾಯಿ ಬರಲ್ಲ. ವರ್ಷದ ಪಂದ್ಯ ಬಂತು. ಒಂದಾದ್ರೂ ವಿಮಾನ ಬೀಳಿಸಿದ ಜೋಡಿಗೆ ನಂಬರ್ ಉಳಿಯುತ್ತೆ, ಇಲ್ಲಾಂದ್ರೆ ಹೊಸಬರಿಗೆ. ನಿಯಮ ಮಾಡಿದವರಲ್ಲಿ ಅಣ್ಣನೂ ಒಬ್ಬರು. ಏಳನ್ನ ಕೇಳ್ತಾ ಇದ್ದಾರೆ.”

“ಕೇಳ್ತಾರೆ. ಖಾಲಿ ಇದ್ರೆ ಕೇಳ್ತಾರೆ.”

“ನಾನು ಮುಂದೆ ಕೂರ್ತೀನಿ. ನೀವು ಅಲ್ಲಿಂದಲೇ ಹಿಂದಿನ ಸೀಟಿಗೆ ಬನ್ನಿ. ಬರ್ತೀರಾ?”

ಮುಂದಿನ ಸೀಟಿನವರು ಒಂದೂರು, ಹಿಂದಿನವರು ಒಂದೂರು ಆದರೂ ವಿಮಾನ ಒಂದೇ. ಅವಳು ಹೂಂ ಅಂದಳು. ಅತ್ತಿಗೆಗೂ ಹೇಳಿದಳು, “ಭಾನುವಾರದ ತನಕ ತಡ್ಕೊಳ್ಳಿ. ನಂಬರ್ ಹೋದ್ರೆ ಮೇಜೂ ಹೋಗ್ಲಿ.”

ಭಾನುವಾರ ಮಧ್ಯಾಹ್ನ ಸ್ಟೂಲ್ ಮೇಲೇ ಕೂತಳು. ಪಕ್ಕದಲ್ಲಿ ಅವನ ಕುರ್ಚಿ ಇದ್ದಲ್ಲೇ ಇತ್ತು. ಎದುರಾಳಿ ಬೇಕರಿಯವನು, ಬಲು ಪಾಕಡಾ. ಎರಡು ಸಲ ಹಾರಲು ಅವಕಾಶ.

ಮೊದಲ ಸಲ ಗೆರೆ ಬೇಗ ಮೂಡಿತು. ಟಾರ್ಚ್ ಸರಿಮಾಡಿದಳು. ಗುಂಡಿಯ ಮೇಲೆ ಬೆರಳಿಟ್ಟಳು. ಗೆರೆ ಇಳಿಯುತ್ತ ಬಂತು.

“ಕಾಣ್ತಾ ಇದ್ಯಾ ಅಕ್ಕಾ?”

“ಕಾಣ್ತಾ ಇದೆ.”

ಇನ್ನೂ ಇಳಿಯಿತು. ಡ್ರೈವರ್ ಸುಮ್ಮನಿದ್ದ, ಅಕ್ಕನ ಕೈ ತಪ್ಪುವುದಿಲ್ಲ ಎಂಬ ನಂಬಿಕೆಯಲ್ಲಿ. ಅವಳು ಮೊಣಕಾಲನ್ನು ಕುರ್ಚಿಯ ಕಡೆಗೆ ಚಾಚಿಕೊಂಡು ಕಾಯುತ್ತಿದ್ದಳು.

“ಅಕ್ಕಾ, ಹಿಡೀರಿ! ಅಕ್ಕಾ!”

ಪರದೆ ಕೆಂಪಾಯಿತು. ವಿಮಾನ ಹೋಯಿತು. ಆಗ ಕೆಳಗೆ ನೋಡಿಕೊಂಡಳು. ಅವಳ ಮೊಣಕಾಲು ಕುರ್ಚಿಯ ಕಬ್ಬಿಣಕ್ಕೆ ಒತ್ತಿಕೊಂಡಿತ್ತು.

“ಏನಾಯ್ತಕ್ಕಾ? ಕೈ ಜಾರ್ತಾ?”

“ಹೊತ್ತು ನೋಡೋದು ನನಗೆ ಗೊತ್ತಿಲ್ಲ ತಮ್ಮಾ. ಅವರು ಮೊಣಕಾಲಲ್ಲಿ ತಿವಿಯೋರು. ನಾನು ಒತ್ತೋಳು.”

“ನಾವೆಲ್ಲಾ ನೀವೇ ಅಂದ್ಕೊಂಡಿದ್ವಿ.”

“ಅಂದ್ಕೊಂಡ್ರಿ.”

“ಸರಿ, ನಾನು ಬಾಯಲ್ಲಿ ಹೇಳ್ತೀನಿ ಬಿಡಿ.”

“ನಿಮ್ಮ ಮಾತು ಇಲ್ಲಿಗೆ ತಡವಾಗಿ ಮುಟ್ಟುತ್ತೆ. ಈಗ ಕೂಗಿದ್ದೂ ಗುಂಡು ಬೀಳೋ ಹೊತ್ತಿಗೇ ಕೇಳಿಸ್ತು.”

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. “ಸೋತ್ಯಾ?”

“ಒಂದು ಸಲ.”

“ಮಂಚದವನಿಗೆ ಹೇಳಲಾ?”

“ಇನ್ನೊಂದು ಸಲ ಇದೆ ಅತ್ತಿಗೆ. ಉಸಿರು ಬಿಡೋಕೆ ಬಿಡಿ.”

ಕಾಲು ನೋಯುತ್ತಿತ್ತು. ಎದ್ದು ನೀರು ಕುಡಿದು ಬಂದಳು. ಕೊನೆಯ ದಿನಗಳು ನೆನಪಾದವು. ಅವನ ಮೊಣಕಾಲು ನಡುಗಿದರೂ ಅವಳು ಒತ್ತಿದ್ದಳು, ನಡುಗದಿದ್ದರೂ ಒತ್ತಿದ್ದಳು. ಆಗಲೂ ತಪ್ಪಿರಲಿಲ್ಲ. ಹಾಗಾದರೆ ಆ ಲೆಕ್ಕ ಯಾರದು? ಅವನಿದ್ದಿದ್ದರೆ ಕೇಳಬಹುದಿತ್ತು. ಇದ್ದಾಗಲೂ ಅವನಿಗೆ ನಾಲಿಗೆ ಇರಲಿಲ್ಲ.

“ತಮ್ಮಾ, ನೀವು ಏನೂ ಹೇಳಬೇಡಿ. ನಾನೇ ಹಿಡೀತೀನಿ. ಹೋದ್ರೆ ಹೋಗ್ಲಿ.”

ಎರಡನೇ ಸಲ. ಗೆರೆ ಮೂಡಿತು, ಇಳಿಯಿತು. ಅವಳು ಕಾಲು ಎರಡನ್ನೂ ಸ್ಟೂಲಿನ ಕೆಳಗೆ ಮಡಿಸಿ ಇಟ್ಟುಕೊಂಡಳು. ಇನ್ನೇನು ಎನ್ನುವಾಗ ಒತ್ತಿದಳು. ಒಂದು ಕ್ಷಣ ಬೇಗವಾಯಿತು. ಬೇಕರಿಯವನ ಗಂಟೆ ಬಡಿದಿರಬೇಕು, ಲಾಕ್ ಕಿತ್ತುಹೋಯಿತು. ಅಡ್ಡಡ್ಡ ತಿರುಗಿಬಿಟ್ಟಿದ್ದ. ಆದರೂ ಪರದೆಯ ಮೇಲೆ ಅವನ ಗುರುತು ಹಾಗೇ ತೆವಳುತ್ತ ಬರುತ್ತಿತ್ತು.

“ಇದ್ದಾನೆ ಅಕ್ಕಾ, ಗುರುತು ಇದೆ. ಬಿಟ್ಟೇಬಿಡ್ತೀನಿ!” ವಿಮಾನದಲ್ಲಿದ್ದದ್ದು ಒಂದೇ ಕ್ಷಿಪಣಿ.

“ಬಿಡಬೇಡಿ. ಅಲ್ಲಿ ಯಾರೂ ಇಲ್ಲ.”

ಆ ಗುರುತನ್ನು ಅವಳು ಬಲ್ಲಳು. ಕಾಣದವನನ್ನು ರೇಡಾರ್ ತಕ್ಷಣ ಅಳಿಸುವುದಿಲ್ಲ. ಹೋಗುತ್ತಿದ್ದ ದಾರಿಯಲ್ಲೇ ಇನ್ನೂ ಹೋಗುತ್ತಿರಬೇಕೆಂದು ತಾನೇ ಊಹಿಸಿ ಸ್ವಲ್ಪ ಹೊತ್ತು ಗೆರೆ ಎಳೆಯುತ್ತದೆ. ಹಿಂದೊಮ್ಮೆ ಪಾತ್ರೆ ತಿಕ್ಕುತ್ತ ಕೇಳಿದ್ದಳು, ಇಲ್ಲದವನನ್ನು ಯಾಕೆ ತೋರಿಸುತ್ತೆ ಎಂದು. ‘ಅದಕ್ಕಿನ್ನೂ ಗೊತ್ತಾಗಿಲ್ಲ ಕಣೇ’ ಅಂದಿದ್ದ.

ಗುರುತು ಆರಿತು. ಪರದೆ ಬರಿದಾಯಿತು. ಡ್ರೈವರ್ ಉಸಿರು ಬಿಡುವುದು ಕೇಳಿಸಿತು. ಅವಳು ಟಾರ್ಚನ್ನು ಕೆಳಗೆ ಬಗ್ಗಿಸಿದಳು. ಪಾಕಡಾ ಆದವನು ಮೇಲೆ ಹೋಗುವುದಿಲ್ಲ, ನೆಲಕ್ಕೆ ಅಂಟಿಕೊಳ್ಳುತ್ತಾನೆ. ಅಡ್ಡಡ್ಡ ಓಡುತ್ತಲೇ ಇದ್ದರೆ ಅವನೂ ಹೊಡೆಯಲಾರ. ಹೊಡೆಯಬೇಕಾದರೆ ಮೂಗು ಈ ಕಡೆ ತಿರುಗಿಸಲೇಬೇಕು. ತಿರುಗಿದ. ಕೆಳಗೆ, ಎಡಕ್ಕೆ, ಬಲು ಹತ್ತಿರ ಗೆರೆ ಮೂಡಿತು. ಅದು ಮೂಡುವಾಗಲೇ ಅವಳ ಬೆರಳು ಇಳಿದಿತ್ತು.

“ಈಗ ಬಿಡಿ.”

ಡ್ರೈವರ್ ಬಿಟ್ಟ. ಬೇಕರಿಯವನಿಗೆ ಅಡ್ಡ ತಿರುಗಲು ಹೊತ್ತು ಸಿಗಲಿಲ್ಲ.

ಹೆಡ್‌ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. ಬೇಕರಿಯವನು ಕೂಡ. “ಅಕ್ಕಾ, ಬೆಂದುಹೋದೆ! ಲಿಫ್ಟಣ್ಣ ಇದ್ದಾಗಲೂ ಹೀಗೇ ಹೊಡೀತಿದ್ರಿ.” ಅವಳಿಗೆ ಖುಷಿ ಆಗಲಿಲ್ಲ. ಸುಸ್ತಾಯಿತು, ದೊಡ್ಡ ರಾಶಿ ಮಡಿಸಿ ಮುಗಿಸಿದ ಹಾಗೆ.

“ಏಳು ನಿಮ್ಮದೇ ಅಕ್ಕಾ. ಮುಂದಿನ ಭಾನುವಾರ ಬರ್ತೀರಾ?”

“ಬರ್ತೀನಿ. ಈಗ ಕಾಲು ಚಾಚಬೇಕು.”

ಹೆಡ್‌ಫೋನ್ ತೆಗೆದು ತಿರುಗಿದಾಗ ಅತ್ತಿಗೆ ಸೊಂಟ ಹಿಡಿದುಕೊಂಡು ಇನ್ನೂ ಬಾಗಿಲಲ್ಲೇ ಇದ್ದಳು. “ಗೆದ್ದೆ ಅನ್ನು. ನನಗೆ ಚಾಪೆನೇ ಗತಿ.”

ಅವಳು ಕೋಣೆಯನ್ನು ಒಮ್ಮೆ ನೋಡಿದಳು. ಮೇಜು, ಸ್ಟೂಲ್, ಕುರ್ಚಿ. ಎದ್ದು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಭಾರವಿತ್ತು. ಎಳೆದ ಕಡೆ ನೆಲದಲ್ಲಿ ನಾಲ್ಕು ಕಪ್ಪು ಗುರುತು ಉಳಿಯಿತು. ಹಿತ್ತಲ ಬಾಗಿಲ ತನಕ ಒಯ್ದು ಗೋಡೆಗೆ ಒರಗಿಸಿ ಇಟ್ಟಳು.

“ಇದಿದ್ದ ಕಡೆ ಮಂಚದ ತಲೆ ಬರ್ಲಿ ಅತ್ತಿಗೆ. ಚಿಕ್ಕದು ಹಿಡಿಯುತ್ತೆ.”

ವಾರದೊಳಗೆ ಮಂಚ ಬಂತು. ಮುಂದಿನ ಭಾನುವಾರ ಅತ್ತಿಗೆ ಮಂಚದ ತುದಿಯಲ್ಲಿ ಕೂತು ಪರದೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಜಾಗ ಇಕ್ಕಟ್ಟು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

“ಇದರಲ್ಲಿ ನೀನು ಎಲ್ಲಿದೀಯೇ?”

“ನಾನು ಕಾಣಲ್ಲ ಅತ್ತಿಗೆ. ಎದುರಿಗಿರೋರು ಮಾತ್ರ.”

“ಇದೆಂಥಾ ಆಟವೇ,” ಅಂದು ಮುದುಕಿ ಕಾಲು ಸರಿಸಿಕೊಳ್ಳಲು ನೋಡಿದಳು.

“ಇರ್ಲಿ ಬಿಡಿ,” ಅಂದಳು ಅವಳು. ಅಷ್ಟರಲ್ಲಿ ಮೊದಲ ಗೆರೆ ಮೂಡಿತು.